ಐದು ಗಂಟೆ ನಿದ್ದೆಗೆ ಲೂಸಿಡ್ ಡ್ರೀಮ್ ಸಿಗೋದಿಲ್ಲ

ಗಂಟೆಗೊಮ್ಮೆ ಅಂಗೈ ನೋಡ್ಕೊಂಡು ‘ಇದು ಕನಸಾ?’ ಅಂತ ಕೇಳ್ಕೊಳ್ಳಿ, ವಾರದಲ್ಲೇ ಲೂಸಿಡ್ ಡ್ರೀಮ್, ಅಂದ್ರೆ ಇದು ಕನಸು ಅಂತ ಕನಸಲ್ಲೇ ಗೊತ್ತಾಗೋ ಕನಸು, ಬೀಳುತ್ತೆ ಅಂತಾರಲ್ಲ, ಅದನ್ನ ನಂಬಬೇಡಿ. ಅಂಗೈಗಿಂತ ಅಲಾರಂ ಮುಖ್ಯ.

ಕನಸು ಗಾಢವಾಗೋ ರೆಮ್ ನಿದ್ದೆ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತೆ. ಮೊದಲ ಸುತ್ತಲ್ಲಿ ಕೆಲವೇ ನಿಮಿಷ, ಬೆಳಗಿನ ಜಾವಕ್ಕೆ ಅದೇ ಉದ್ದವಾಗುತ್ತೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ರಾತ್ರಿ 12ಕ್ಕೆ ಮಲಗಿ, 5ಕ್ಕೆ ಎದ್ದು ಫಾಸ್ಟ್ ಲೋಕಲ್ ಟ್ರೇನಿಗೆ ಓಡೋರು ಕಳ್ಕೊಳ್ಳೋದು ಆ ಕೊನೇ ಭಾಗವನ್ನೇ. ಆದ್ದರಿಂದ ವಾರದ ದಿನ ಈ ಗೊಡವೆ ಬೇಡ. ಶನಿವಾರ ರಾತ್ರಿ ಸಾಕು.

ಅದಕ್ಕೂ ಮುಂಚೆ ಎರಡು ವಾರ ಕನಸಿನ ಡೈರಿ ಬರೀರಿ. ಎಚ್ಚರವಾದಾಗ ಅಲ್ಲಾಡದೆ ಹಾಗೇ ಮಲಗಿದ್ದು, ನೆನಪಾದ ಒಂದು ಎಳೆ ಹಿಡಿದು ಹಿಂದಕ್ಕೆ ಹೋಗಿ. ಫೋನ್ ಮುಟ್ಟಿದಿರೋ, ಕನಸು ಹೋಯ್ತು. ಮತ್ತೆ ಮತ್ತೆ ಬರೋದಕ್ಕೆ ಗೆರೆ ಎಳೀರಿ: ತಪ್ಪಿಹೋದ ಟ್ರೇನು, ಊರಿನ ಹಳೇ ಮನೆ, ಹಲ್ಲು ಉದುರೋದು. ‘ಇದು ಕನಸು’ ಅಂತ ಹೇಳೋ ನಿಮ್ಮ ಗುರುತು ಅದೇ.

ಶನಿವಾರ 11ಕ್ಕೆ ಮಲಗಿ. 4ಕ್ಕೆ ಅಲಾರಂ. ಎದ್ದು ಮಂದ ಬೆಳಕಲ್ಲಿ ಅರ್ಧ ಗಂಟೆ ಡೈರಿ ಓದಿ, ಮತ್ತೆ ಮಲಗಿ. ಈಗಷ್ಟೇ ಬಿದ್ದ ಕನಸನ್ನ ಮನಸ್ಸಲ್ಲೇ ಓಡಿಸಿ, ನಿಮ್ಮ ಗುರುತು ಬಂದಾಗ ‘ಇದು ಕನಸು’ ಅಂತ ಗೊತ್ತಾದ ಹಾಗೆ ಕಲ್ಪಿಸ್ಕೊಳ್ಳಿ. ಇದು ಸ್ಟ್ಯಾನ್‌ಫರ್ಡ್‌ನ ಕನಸಿನ ಸಂಶೋಧಕ ಸ್ಟೀಫನ್ ಲಾಬರ್ಜ್ ರೂಪಿಸಿದ ಮೈಲ್ಡ್ (MILD) ವಿಧಾನ. ಐದೇ ನಿಮಿಷ ಎದ್ದು ಮಲಗಿದರೆ ಮಂಪರಲ್ಲಿ ಸಂಕಲ್ಪ ಮರೆತುಹೋಗುತ್ತೆ. ಟ್ಯೂಬ್‌ಲೈಟ್ ಹಾಕಿ ಕೂತರೆ ನಿದ್ದೇನೇ ಬರಲ್ಲ.

ಕನಸೋ ಎಚ್ಚರವೋ ಅಂತ ಪರೀಕ್ಷೆ ಮಾಡೋಕೆ ಬಾಯಿ ಮುಚ್ಚಿ, ಮೂಗು ಹಿಡಿದು ಉಸಿರೆಳೀರಿ. ಉಸಿರು ಬಂತಾ? ಕನಸೇ. ಅಕ್ಷರ ಎರಡು ಸಲ ಓದಿ, ಬದಲಾಗುತ್ತಾ ಅಂತ ನೋಡೋದೂ ಒಳ್ಳೇದೇ, ಆದ್ರೆ ದಾದರ್ ಸ್ಟೇಷನ್ ಇಂಡಿಕೇಟರ್ ಮೇಲೆ ಬೇಡ, ಅದು ಎಚ್ಚರದಲ್ಲೂ ಬದಲಾಗುತ್ತೆ.

ಬಹಳ ಜನ ಸೋಲೋದು ಗೊತ್ತಾದ ಮರುಕ್ಷಣದಲ್ಲೇ. ಖುಷಿಗೆ ಎಚ್ಚರವಾಗಿಬಿಡುತ್ತೆ. ಹಾರೋಕೆ ಹೋಗಬೇಡಿ. ಕನಸಿನ ಕೈಗಳನ್ನ ಉಜ್ಜಿ, ಗೋಡೆ ಮುಟ್ಟಿ, ಕಾಲಡಿಯ ನೆಲ ನೋಡಿ. ‘ಎದ್ದೆ’ ಅನ್ನಿಸಿದರೂ ಇನ್ನೊಮ್ಮೆ ಮೂಗು ಹಿಡೀರಿ, ಎದ್ದ ಹಾಗೆ ಕನಸು ಬೀಳೋದೂ ಉಂಟು.

ಕೆಲವರಿಗೆ ಎಚ್ಚರವಾದರೂ ಕೈಕಾಲು ಅಲ್ಲಾಡಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. ದೆವ್ವ ಅಲ್ಲ, ರೆಮ್‌ನಲ್ಲಿ ಸ್ನಾಯುಗಳು ಸಡಿಲವಾಗಿರ್ತವೆ, ಆ ಸ್ಥಿತಿ ಎಚ್ಚರಕ್ಕೂ ಸ್ವಲ್ಪ ಹೊತ್ತು ಮುಂದುವರಿಯುತ್ತೆ. ನಿಧಾನ ಉಸಿರಾಡಿ, ಬೆರಳ ತುದಿ ಅಲ್ಲಾಡಿಸೋಕೆ ನೋಡಿ, ಬಿಟ್ಟುಹೋಗುತ್ತೆ.

ನಿದ್ದೆ ಸರಿಯಾಗಿ ಬರದವರು, ಕನಸು-ನಿಜದ ಗೊಂದಲ ಮೊದಲಿಂದಲೂ ಇರೋರು ಈ ಅಲಾರಂ ಇಡಲೇಬೇಡಿ. ಉಳಿದವರಿಗೂ ಭಾನುವಾರ ರಾತ್ರಿ ಬೇಡ. ಸೋಮವಾರದ ಲೋಕಲ್ ಕಾಯೋದಿಲ್ಲ.