ಮಂಗಳನ ಮೇಲೆ ನಿಂತು ತಲೆ ಎತ್ತಿದರೆ

ಕೇಳುಗರಿಗೆ ನಮಸ್ಕಾರ.

ತಾರಾಲಯದಲ್ಲಿ ಮಂಗಳ ಗ್ರಹದ ಪ್ರದರ್ಶನ ಅಂದರೆ ಮಕ್ಕಳು ಕಾಯುವುದು ರೋವರ್‌ಗಾಗಿ. ಕೆಂಪು ನೆಲ, ಆರು ಚಕ್ರದ ಬಂಡಿ, ಧೂಳು. ಚೆನ್ನಾಗಿಯೇ ಇರುತ್ತದೆ. ಆದರೆ ನೆಲವನ್ನು ಮೊಬೈಲಿನಲ್ಲೂ ನೋಡಬಹುದು, ಅಲ್ವಾ? ಗುಮ್ಮಟ ಕಟ್ಟಿರುವುದು ಆಕಾಶ ತೋರಿಸಲಿಕ್ಕೆ. ನನ್ನನ್ನು ಕೇಳಿದರೆ, ಅಲ್ಲಿ ನೋಡಬೇಕಾದ್ದು ಮಂಗಳನ ಆಕಾಶವನ್ನೇ.

ಸೂರ್ಯಾಸ್ತದಿಂದ ಶುರು ಮಾಡೋಣ. ಅಲ್ಲಿ ಹಗಲೆಲ್ಲ ಕಂದು ಹಳದಿ ಆಕಾಶ. ಸಂಜೆ ಮಾತ್ರ ಸೂರ್ಯನ ಸುತ್ತ ನೀಲಿ! ಗಾಳಿಯಲ್ಲಿ ತೇಲುವ ಧೂಳು ತುಂಬಾ ನುಣುಪು. ಅದರ ನಡುವೆ ನೀಲಿ ಬೆಳಕು ಜಾಸ್ತಿ ಚೆದುರದೆ ಸೂರ್ಯನ ಆಸುಪಾಸಿನಲ್ಲೇ ಉಳಿಯುತ್ತದೆ. 2012ರಲ್ಲಿ ಇಳಿದ ಕ್ಯೂರಿಯಾಸಿಟಿ ರೋವರ್ 2015ರಲ್ಲಿ ಈ ದೃಶ್ಯವನ್ನು ಬಣ್ಣದಲ್ಲೇ ಕಳಿಸಿತು.

ಕತ್ತಲಾದ ಮೇಲೆ ನೋಡಿ, ಅದೇ ಸಪ್ತರ್ಷಿ ಮಂಡಲ! ಅಷ್ಟು ದೂರ ಹೋದರೂ ನಕ್ಷತ್ರಗಳ ಚಿತ್ರ ಬದಲಾಗುವುದಿಲ್ಲ. ಮಂಗಳ ಹತ್ತಿರ ಬಂದಾಗ ಬೆಳಕಿಗೆ ಅದು ಮೂರೇ ನಿಮಿಷದ ದಾರಿ. ಅತಿ ಹತ್ತಿರದ ನಕ್ಷತ್ರಕ್ಕೆ ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಆದರೆ ಧ್ರುವ ನಕ್ಷತ್ರಕ್ಕೆ ಅಲ್ಲಿ ಯಾವ ಮರ್ಯಾದೆಯೂ ಇಲ್ಲ, ಉಳಿದವುಗಳ ಜೊತೆ ಅದೂ ಸುತ್ತುತ್ತದೆ. ಮಂಗಳನ ಅಕ್ಷ ಬೇರೆ ಕಡೆಗೆ ವಾಲಿದೆ.

ಇನ್ನು ಫೋಬೋಸ್. ಆಲೂಗಡ್ಡೆ ಆಕಾರದ ಈ ಚಂದ್ರ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಮಂಗಳ ಒಂದು ಸುತ್ತು ತಿರುಗಲು 24 ಗಂಟೆ 37 ನಿಮಿಷ ತೆಗೆದುಕೊಂಡರೆ, ಫೋಬೋಸ್ ಅದನ್ನು 7 ಗಂಟೆ 39 ನಿಮಿಷಕ್ಕೇ ಸುತ್ತಿಬಿಡುತ್ತದೆ. ಗ್ರಹಕ್ಕಿಂತ ಚಂದ್ರನಿಗೇ ಅವಸರ!

ಬೆಳಗಿನ ಜಾವದಲ್ಲೋ ಸಂಜೆಯಲ್ಲೋ ಒಂದು ಹೊಳೆಯುವ ಚುಕ್ಕಿ ಕಂಡರೆ, ಅದು ನಾವು. ನಮ್ಮ ಬೆಂಗಳೂರಿನ ಪೀಣ್ಯವೂ ಅದರೊಳಗೇ ಇದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆಗೆ ಸೇರುವಾಗ ಇಸ್ರೋದವರು ಕಾದು ಕೂತಿದ್ದದ್ದು ಪೀಣ್ಯದಲ್ಲಿ. ಎಂಜಿನ್ ಸುಮಾರು 24 ನಿಮಿಷ ಉರಿಯಬೇಕಿತ್ತು. ನಡುವೆ ನೌಕೆ ಗ್ರಹದ ಹಿಂದೆ ಮರೆಯಾಯಿತು. ಅಲ್ಲಿಂದ ಸಂಕೇತ ಬರಲಿಕ್ಕೇ ಹನ್ನೆರಡು ನಿಮಿಷ. ಏನಾದರೂ ಎಡವಟ್ಟಾದರೆ ಇಲ್ಲಿಂದ ಸರಿಪಡಿಸುವ ಮಾತೇ ಇಲ್ಲ. ಆಜ್ಞೆಗಳನ್ನೆಲ್ಲ ಮೊದಲೇ ತುಂಬಿ ಕಳಿಸಿದ್ದರು.

ಇಂಥ ಗಳಿಗೆಯನ್ನು ಪ್ರದರ್ಶನಗಳಲ್ಲಿ ಜೋರು ಸಂಗೀತ ಹಾಕಿ ಅರ್ಧ ನಿಮಿಷದಲ್ಲಿ ಮುಗಿಸುವುದು ನನಗೆ ಹಿಡಿಸುವುದಿಲ್ಲ. ಹನ್ನೆರಡು ನಿಮಿಷ ಕತ್ತಲಲ್ಲಿ ಸುಮ್ನೆ ಕೂರಿಸಿದರೆ ಮಕ್ಕಳು ಗಲಾಟೆ ಮಾಡುತ್ತಾರೆ, ನಿಜ. ಒಂದೇ ಒಂದು ನಿಮಿಷವಾದರೂ ಕಾಯಿಸಲಿ.

ನಮಸ್ಕಾರ.