ಕರೆಂಟಿನ ಜೊತೆ ಕೀಮೋ

ಕೇಳುಗರಿಗೆ ನಮಸ್ಕಾರ. ಗರ್ಭಕಂಠದ ಕ್ಯಾನ್ಸರ್ ಬೆಳೆದು ಅಕ್ಕಪಕ್ಕಕ್ಕೆ ಹಬ್ಬಿದೆ ಎಂದಾಗ ವೈದ್ಯರು ಆಪರೇಷನ್ ಬೇಡ ಎನ್ನುತ್ತಾರೆ. ಮನೆಯವರ ಕಿವಿಗೆ ಅದು 'ಕೈಬಿಟ್ಟರು' ಎಂದೇ ಕೇಳಿಸುತ್ತದೆ. ಹಾಗಲ್ಲ. ಆ ಹಂತಕ್ಕೆ ಮದ್ದೇ ಬೇರೆ. ನಮ್ಮ ಜನ ಕರೆಂಟು ಎನ್ನುವ ವಿಕಿರಣ, ಅದರ ಜೊತೆಜೊತೆಗೇ ಕೀಮೋ.

ಕರೆಂಟು ಕ್ಯಾನ್ಸರ್ ಕಣದ ಡಿಎನ್‌ಎಯನ್ನು ಮುರಿಯುತ್ತದೆ. ಸಿಸ್ಪ್ಲಾಟಿನ್ ಎಂಬ ಕೀಮೋ ಮದ್ದು ಅದು ಮತ್ತೆ ಸರಿಹೋಗದಂತೆ ತಡೆಯುತ್ತದೆ. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಐದು ಅಧ್ಯಯನಗಳನ್ನು ನೋಡಿ, ಎರಡನ್ನೂ ಒಟ್ಟಿಗೆ ಕೊಡುವುದನ್ನು ಯೋಚಿಸಿ ಎಂದು ವೈದ್ಯರಿಗೆ ತಿಳಿಸಿತು. ಅಲ್ಲಿನ ಮಾತು ಇಲ್ಲಿಗೂ ಹೊಂದೀತೇ? ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 3ಬಿ ಎಂಬ ಮುಂದುವರಿದ ಹಂತದ 850 ಹೆಂಗಸರಲ್ಲಿ ಅದನ್ನೇ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಕರೆಂಟು ಪಡೆದವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ 46, ಸಿಸ್ಪ್ಲಾಟಿನ್ ಸೇರಿದಾಗ 54. ನೂರಕ್ಕೆ ಎಂಟು ಹೆಚ್ಚು. ಪವಾಡವೇನಲ್ಲ, ಆದರೆ ಎಂಟು ಮನೆಗಳಲ್ಲಿ ತಾಯಿ ಉಳಿದಳು.

ಕರೆಂಟು ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರ, ಐದು ವಾರ. ವಾರಕ್ಕೊಂದು ದಿನ ಕೀಮೋ. ಸಿಸ್ಪ್ಲಾಟಿನ್ ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಅದಕ್ಕೇ ಮೊದಲು ರಕ್ತಪರೀಕ್ಷೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿ ಆಮೇಲೆ ಮದ್ದು, ಜೊತೆಗೆ ಸಲೈನ್ ಬಾಟಲಿ. ವಾಂತಿ ತಡೆಯಲು ಇಂಜೆಕ್ಷನ್ ಇದೆ, ಮಾತ್ರೆ ಇದೆ. ಕೂದಲಿನ ಚಿಂತೆ ಎಲ್ಲರಿಗೂ. ಈ ಮದ್ದಿಗೆ ತಲೆ ಪೂರ್ತಿ ಬೋಳಾಗುವುದು ಅಪರೂಪ. ಹಾಂ, ಸೊಂಟದ ಹತ್ತಿರ ಶಾಯಿಯಲ್ಲಿ ಹಾಕಿದ ಗುರುತನ್ನು ಸ್ನಾನದಲ್ಲಿ ಸೋಪು ಹಚ್ಚಿ ಉಜ್ಜಬೇಡಿ. ಕರೆಂಟು ಎಲ್ಲಿ ಬೀಳಬೇಕು ಎಂದು ತೋರಿಸುವ ಗೆರೆ ಅದು.

ಎಡವಟ್ಟಾಗುವುದು ಇದರ ನಂತರ. ಮೂರ್ನಾಲ್ಕು ವಾರದಲ್ಲೇ ರಕ್ತ ಹೋಗುವುದು ನಿಲ್ಲುತ್ತದೆ, ಆಕೆಗೆ ಹಾಯೆನಿಸುತ್ತದೆ. 'ವಾಸಿಯಾಯ್ತಲ್ಲ, ರಾಗಿ ಕೊಯ್ಲಿದೆ, ಊರಿಗೆ ಹೋಗೋಣ' ಎಂದು ಹೊರಡುತ್ತಾರೆ. ಗಡ್ಡೆಗೆ ಗಟ್ಟಿ ಏಟು ಬೀಳಬೇಕಾದದ್ದು ಇನ್ನೂ ಬಾಕಿ ಇರುತ್ತದೆ. ಅದೇ ಬ್ರಾಕಿಥೆರಪಿ, ಒಳಗಿನ ಕರೆಂಟು. ಎಂದರೆ ಗರ್ಭಕಂಠದೊಳಗೇ ನಳಿಕೆ ಇಟ್ಟು ಹತ್ತಿರದಿಂದ ವಿಕಿರಣ ಕೊಡುವುದು. ನೋವು ತಿಳಿಯದಂತೆ ಮದ್ದು ಕೊಟ್ಟೇ ಮಾಡುತ್ತಾರೆ. ಅದನ್ನು ಬಿಟ್ಟರೆ ಕ್ಯಾನ್ಸರ್ ಮರುಕಳಿಸುವ ಭಯ ಹೆಚ್ಚು. ಹೊರಗಿನದು, ಒಳಗಿನದು ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಎಳೆದಷ್ಟೂ ಗಡ್ಡೆಗೇ ಲಾಭ.

ಆದ್ದರಿಂದ ಮೊದಲ ದಿನವೇ ವೈದ್ಯರನ್ನು ಕೇಳಿ: ಒಳಗಿನ ಕರೆಂಟು ಯಾವಾಗ? ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಭೇದಿ, ಉರಿಮೂತ್ರ, ಸುಸ್ತು ಕಂಡರೆ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಬಂದು ಹೇಳಿ; ಅದಕ್ಕೆಲ್ಲ ಉಪಚಾರವಿದೆ. ನಮಸ್ಕಾರ.