ಓದನ್ನು ಎಣಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಗ್ರಂಥಾಲಯದಲ್ಲಿ ಪುಸ್ತಕ ಕೊಡುವ, ವಾಪಸ್ ಪಡೆಯುವ ಮೇಜಿನ ಹಿಂದೆ 30 ವರ್ಷ ಕೂತವಳು ನಾನು. ಅಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತು ಯಾವುದು ಗೊತ್ತೇ? "ಕ್ಷಮಿಸಿ ಮೇಡಂ, ಪೂರ್ತಿ ಓದಲಾಗಲಿಲ್ಲ." ತಪ್ಪು ಮಾಡಿದವರ ಹಾಗೆ ದನಿ ತಗ್ಗಿಸಿ ಹೇಳುತ್ತಾರೆ. ಓದಿದಿರಾ ಎಂದು ನಾನು ಕೇಳಿಯೇ ಇರುವುದಿಲ್ಲ! ಇವತ್ತು ನಾನು ಹೇಳುವುದು ಒಂದೇ: ಓದನ್ನು ಎಣಿಸಬೇಡಿ.

ವರ್ಷಕ್ಕೊಂದು ಪುಸ್ತಕ ಓದುವವರಿದ್ದಾರೆ, ವಾರಕ್ಕೆ ನಾಲ್ಕು ಮುಗಿಸುವವರಿದ್ದಾರೆ. ವಾರಕ್ಕೆ ನಾಲ್ಕು ಓದುವವರೇ ದೊಡ್ಡವರು ಅಂತ ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಅಂಥ ಒಬ್ಬರ ಕಥೆ ಕೇಳಿ.

ನಮ್ಮಲ್ಲಿಗೆ ಒಬ್ಬರು ಅಜ್ಜಿ ಬರುತ್ತಿದ್ದರು. ಪತ್ತೇದಾರಿ ಕಾದಂಬರಿಯೆಂದರೆ ಪ್ರಾಣ. ಅದೇ ಕಾಲಕ್ಕೆ ಆ ಕಪಾಟಿನ ಪುಸ್ತಕಗಳಲ್ಲಿ ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು. 37ನೇ ಪುಟ ತೆಗೆದರೆ ಪುಟಸಂಖ್ಯೆಯ ಕೆಳಗೆ ಪೆನ್ಸಿಲಿನ ಸಣ್ಣ ಚುಕ್ಕೆ, ಕೆಲವದರಲ್ಲಿ ಪಕ್ಕಕ್ಕೊಂದು ಗೆರೆ. ಇನ್ನೊಂದು ಪುಸ್ತಕ ತೆಗೆದೆ, ಅಲ್ಲೂ 37, ಅಲ್ಲೂ ಚುಕ್ಕೆ. ಪುಸ್ತಕದಲ್ಲಿ ಗೀಚುವವರ ಮೇಲೆ ನಮಗೆ ಬರುವ ಸಿಟ್ಟು ನಿಮಗೆ ಗೊತ್ತಿರಲಿಕ್ಕಿಲ್ಲ. ಒಂದು ಮಧ್ಯಾಹ್ನವಿಡೀ ರಬ್ಬರ್ ಹಿಡಿದು ಕೂತೆ. ಕಾಗದ ಜುಂಗು ಏಳುವಷ್ಟು ಉಜ್ಜಿದೆ.

ಮುಂದಿನ ವಾರ ಅಜ್ಜಿ ಮೂರು ಪುಸ್ತಕ ತಂದು ಮೇಜಿನ ಮೇಲಿಟ್ಟರು. "ಮೂರೂ ಓದಿದ್ದೇ ಕಣಮ್ಮಾ. ಅರ್ಧಕ್ಕೆ ಬಂದ ಮೇಲೆ ಗೊತ್ತಾಯ್ತು. ನನ್ನ ಗುರುತು ಯಾರೋ ಅಳಿಸಿಬಿಟ್ಟಿದ್ದಾರೆ." ಅವರಿಗೆ ಪುಸ್ತಕದ ಹೆಸರು ನೆನಪಿರುತ್ತಿರಲಿಲ್ಲ, ಕೊಲೆಗಾರನೂ ನೆನಪಿರುತ್ತಿರಲಿಲ್ಲ. ಒಯ್ಯುವ ಮೊದಲು 37ನೇ ಪುಟ ನೋಡುವುದು: ಚುಕ್ಕೆಯಿದ್ದರೆ ಓದಿಯಾಗಿದೆ, ಗೆರೆಯೂ ಇದ್ದರೆ ಚೆನ್ನಾಗಿದೆ. ಅಳಿಸಿದ್ದು ನಾನೇ ಎಂದು ಒಪ್ಪಿಕೊಂಡೆ. ನಕ್ಕರು. ಆ ಮೂರರಲ್ಲೇ ಒಂದನ್ನು ಮತ್ತೆ ಕೈಗೆತ್ತಿಕೊಂಡು, "ಇದರ ಕೊನೆ ಇನ್ನೂ ನೆನಪಾಗಿಲ್ಲ, ಬರೆದುಕೋ" ಎಂದರು.

ಈಗ ಹೇಳಿ, ಅಜ್ಜಿ ಓದಿದ ಪುಸ್ತಕ ಎಷ್ಟು? ಅವರಿಗೆ ಬೇಕಿದ್ದದ್ದು ನಿದ್ದೆ ಬರುವವರೆಗೆ ಜೊತೆಗೊಂದು ಪುಸ್ತಕ, ಅಷ್ಟೇ. ಅದೇ ಮೇಜಿಗೆ ಒಬ್ಬ ಹುಡುಗ ಮೋಟಾರ್ ರಿಪೇರಿಯ ಒಂದೇ ಪುಸ್ತಕವನ್ನು ತಿಂಗಳುಗಟ್ಟಲೆ ನವೀಕರಿಸುತ್ತಿದ್ದ. ಎರಡು ಅಧ್ಯಾಯದ ಅಂಚಿನಲ್ಲಿ ಮಾತ್ರ ಗ್ರೀಸ್ ಹತ್ತಿದ ಬೆರಳಚ್ಚು, ಉಳಿದ ಪುಟಗಳು ಹೊಸದರ ಹಾಗೇ. "ನಾನೇನು ಓದೋನಲ್ಲ ಮೇಡಂ" ಅನ್ನುತ್ತಿದ್ದ. ಓದುವವನಲ್ಲವಂತೆ!

ನಮ್ಮ ದೇಶದ ಹೆಸರಾಂತ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಐದರಲ್ಲಿ ಎಲ್ಲಿಯೂ ಕೊನೆಯ ಪುಟದವರೆಗೆ ಓದಲೇಬೇಕು ಎಂದಿಲ್ಲ.

ವೇಗದ ವಿಷಯ ವಿವರವಾಗಿ ಹೇಳಬೇಕಿತ್ತು, ಅಜ್ಜಿಯೇ ಹೊತ್ತು ತಿಂದರು. ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಜಿಗಿಯುತ್ತದೆ. ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ. ನುರಿತವರ ಕಣ್ಣು ಕೂಡ ಆಗಾಗ ಹಿಂದಕ್ಕೆ ಹಾರಿ ಓದಿದ್ದನ್ನೇ ಮತ್ತೆ ನೋಡುತ್ತದೆ. ಮಗು ನಿಧಾನ ಎಂದು ಗದರುವವರು ಇದನ್ನು ಸ್ವಲ್ಪ ಗಮನಿಸಿ. ಪುಟ ಎಣಿಸಬೇಡಿ, ನಿಮಿಷವನ್ನೂ ಎಣಿಸಬೇಡಿ.

ಸ್ಟುಡಿಯೋದ ಗಾಜಿನಾಚೆಯಿಂದ ಹೊತ್ತಾಯಿತೆಂದು ಕೈಯೆತ್ತಿ ತೋರಿಸುತ್ತಿದ್ದಾರೆ. ಕೇಳುಪುಸ್ತಕದ, ಅಂದರೆ ಆಡಿಯೋ ಬುಕ್ಕಿನ ಬಗ್ಗೆ ಬರೆದುಕೊಂಡದ್ದು ಚೀಟಿಯಲ್ಲೇ ಉಳಿಯಿತು. ಅದೂ ಓದೇ, ಅಷ್ಟು ಹೇಳಿ ಏಳುತ್ತೇನೆ. ಅರ್ಧ ಓದಿದ ಪುಸ್ತಕ ವಾಪಸ್ ಕೊಡುವವರು ದಯವಿಟ್ಟು ಕ್ಷಮೆ ಕೇಳಬೇಡಿ, ಮೇಜಿನ ಮೇಲಿಟ್ಟು ಹೋಗಿ. ನಮಸ್ಕಾರ.